ಸೆವರ್ನ್ ವ್ಯಾಲಿ ಡೀಸೆಲ್ ಗಾಲಾಗೆ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಕಾವೆಂಟ್ರಿ ಕನ್ನಡಿಗ:

ನಮಸ್ಕಾರ. ಇಂಗ್ಲೆಂಡಿನಲ್ಲಿ ಇರುವ ರೈಲಿನ ಹುಚ್ಚರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಅಪ್ಪ ಅಮ್ಮ ನಮ್ಮ ಮನೆಗೆ ಬಂದಿದ್ದಾರೆ. ಅಪ್ಪ ಕೆ.ಆರ್.ಪುರಂ ಡೀಸೆಲ್ ಶೆಡ್‌ನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಲಂಡನ್ನು, ಸ್ಟ್ರಾಟ್‌ಫರ್ಡು, ಅರಮನೆ, ಕೋಟೆ ಎಲ್ಲ ತೋರಿಸಿ ಆಯಿತು. ಎಲ್ಲದಕ್ಕೂ "ಚೆನ್ನಾಗಿದೆ" ಅಂದರು, ಅಷ್ಟೇ. ಆದರೆ ಕಾವೆಂಟ್ರಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಬಂದರೆ ಮಾತ್ರ ಅದು ಕಣ್ಣಿಂದ ಮರೆಯಾಗುವವರೆಗೂ ನಿಂತು ನೋಡುತ್ತಾರೆ, ನಾವು ಹಿಡಿಯಬೇಕಾದ ರೈಲು ಹೋದರೂ ಚಿಂತೆ ಇಲ್ಲ.

ಮೇ ತಿಂಗಳಲ್ಲಿ ಕಿಡ್ಡರ್‌ಮಿನ್‌ಸ್ಟರ್ ಹತ್ತಿರದ ಸೆವರ್ನ್ ವ್ಯಾಲಿ ರೈಲ್ವೆಯಲ್ಲಿ ಡೀಸೆಲ್ ಗಾಲಾ ಅಂತ ನಡೆಯುತ್ತದಂತೆ. ಹಳೇ ಡೀಸೆಲ್ ಇಂಜಿನ್‌ಗಳನ್ನೆಲ್ಲ ಓಡಿಸುತ್ತಾರಂತೆ. ಅಪ್ಪನಿಗೆ ಹೇಳಿದೆ. "ಡೀಸೆಲ್ ನೋಡೋಕೆ ದುಡ್ಡು ಕೊಟ್ಟು ಹೋಗ್ಬೇಕಾ? ಜೀವಮಾನ ಪೂರ್ತಿ ಅದರ ಎಣ್ಣೆಯಲ್ಲೇ ಕೈ ತೊಳೆದಿದ್ದೀನಿ" ಅಂದರು. ಬೇಡ ಅಂತ ಮಾತ್ರ ಹೇಳಲಿಲ್ಲ.

ಏಳು ವರ್ಷದ ಮಗನಿಗೆ ಹೊಗೆ ಬಿಡುವ ಸ್ಟೀಮ್ ಇಂಜಿನ್ನೇ ಬೇಕು. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ನನಗೆ ಇಂಜಿನ್ ಬಗ್ಗೆ ಏನೂ ಗೊತ್ತಿಲ್ಲ. ಇಡೀ ದಿನ ಅಲ್ಲಿ ಏನು ಮಾಡುವುದು? ಬೋರ್ ಆಗುವುದಿಲ್ಲವಾ? ಅಥವಾ ಸ್ಟೀಮ್ ಓಡುವ ಮಾಮೂಲಿ ದಿನ ಹೋಗುವುದೇ ಒಳ್ಳೆಯದಾ?

ಮಿಡ್‌ಲ್ಯಾಂಡ್ಸ್ ಮಂಜ:

ಯೋಚನೆ ಮಾಡದೆ ಹೋಗಿ. ಆದರೆ ಹೇಗೆ ಹೋಗಬೇಕು ಅಂತ ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ನಿಜವಾಗಿಯೂ ಬೋರ್ ಆಗುತ್ತದೆ.

ಮೊದಲು ಒಂದು ವಿಷಯ. ಇಲ್ಲಿನ ಹೆರಿಟೇಜ್ (ಹಳೇ ಗಾಡಿ ಉಳಿಸಿ ಓಡಿಸುವ) ಲೈನ್‌ಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 25 ಮೈಲಿ ದಾಟುವ ಹಾಗಿಲ್ಲ. ಅಂದರೆ ಸುಮಾರು 40 ಕಿಲೋಮೀಟರ್. ನೂರು ಮೈಲಿ ವೇಗದ ಇಂಜಿನ್ ತಂದು ನಿಲ್ಲಿಸಿದರೂ ಅದು ಆ ವೇಗಕ್ಕೆ ಹೋಗುವುದಿಲ್ಲ. ಹಾಗಾಗಿ ವೇಗ ನೋಡಲು ಅಂತ ಹೋದರೆ ನಿರಾಸೆ. ಅಲ್ಲಿಗೆ ಜನ ಹೋಗುವುದು ಕೇಳುವುದಕ್ಕೆ. ನಿಂತ ಗಾಡಿ ಎಳೆದು ಹೊರಡುವ ಮೊದಲ ಒಂದೆರಡು ನಿಮಿಷ ಇದೆಯಲ್ಲ, ಡ್ರೈವರ್ ಪವರ್ ತೆಗೆದಾಗ ಇಂಜಿನ್ ಕಿರುಚುವುದು, ಪ್ಲಾಟ್‌ಫಾರಂ ಅದುರುವುದು, ಅದಕ್ಕೋಸ್ಕರವೇ ಸ್ಕಾಟ್ಲೆಂಡ್‌ನಿಂದೆಲ್ಲ ಬರುತ್ತಾರೆ.

ಆದ್ದರಿಂದ ಆ ತುದಿಯಿಂದ ಈ ತುದಿಗೆ ಒಂದೇ ಗಾಡಿಯಲ್ಲಿ ಕೂರಬೇಡಿ. ಲೈನು 16 ಮೈಲಿ, ಕಿಡ್ಡರ್‌ಮಿನ್‌ಸ್ಟರ್‌ನಿಂದ ಬ್ರಿಜ್‌ನಾರ್ತ್‌ವರೆಗೆ, ಮಧ್ಯೆ ಬ್ಯೂಡ್ಲಿ, ಆರ್ಲಿ, ಹೈಲಿ, ಹ್ಯಾಂಪ್ಟನ್ ಲೋಡ್. ಗಾಲಾ ಟಿಕೆಟ್‌ನಲ್ಲಿ ಇಡೀ ದಿನ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಒಂದೆರಡು ಸ್ಟೇಷನ್ ಹೋಗಿ, ಇಳಿಯಿರಿ, ಎದುರಿಂದ ಬರುವ ಬೇರೆ ಇಂಜಿನ್ನಿನ ಗಾಡಿ ಹತ್ತಿ. ಯಾವ ಗಾಡಿಗೆ ಯಾವ ಇಂಜಿನ್ ಅಂತ ಮೊದಲೇ ಪಟ್ಟಿ ಹಾಕುತ್ತಾರೆ, ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಹಳೇ ಯಂತ್ರಗಳು, ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು. ಇಡೀ ಲೈನು ತೆರೆದಿದೆಯಾ ಅಂತಲೂ ನೋಡಿಕೊಂಡು ಹೊರಡಿ.

ಎಲ್ಲಿ ಕೂರಬೇಕು? ಇಂಜಿನ್ನಿಗೆ ಅಂಟಿದ ಮೊದಲ ಬೋಗಿ. ಅಲ್ಲಿ ಜಾಗಕ್ಕೆ ಪೈಪೋಟಿ ಇರುತ್ತದೆ, ಕೈಯಲ್ಲಿ ನೋಟ್‌ಬುಕ್ ಹಿಡಿದ ಐವತ್ತು ಅರವತ್ತು ವಯಸ್ಸಿನ ಹುಡುಗರು ಬಾಗಿಲ ಕಿಟಕಿ ಹಿಡಿದುಕೊಂಡು ನಿಂತಿರುತ್ತಾರೆ. ಪಾಪ, ಒಳ್ಳೆಯವರು, ಅಪ್ಪ ಶೆಡ್‌ನಲ್ಲಿ ಕೆಲಸ ಮಾಡಿದವರು ಅಂದರೆ ತಾವೇ ಜಾಗ ಬಿಡುತ್ತಾರೆ. ತಲೆ ಮಾತ್ರ ಹೊರಗೆ ಹಾಕಬೇಡಿ, ಮಗನಿಗೂ ಹೇಳಿ.

ಯಾವ ಕಡೆ? ನನ್ನ ಪ್ರಕಾರ ಬ್ಯೂಡ್ಲಿಯಿಂದ ಕಿಡ್ಡರ್‌ಮಿನ್‌ಸ್ಟರ್‌ಗೆ ವಾಪಸ್ ಬರುವ ತುಂಡು ಎಲ್ಲಕ್ಕಿಂತ ಚೆನ್ನ. ಬ್ಯೂಡ್ಲಿ ನದಿ ದಡದ ಊರು, ಅಲ್ಲಿಂದ ನೂರಕ್ಕೆ ಒಂದರ ಏರು (ನೂರು ಅಡಿ ಹೋದರೆ ಒಂದು ಅಡಿ ಮೇಲೆ), ಮಧ್ಯೆ ಒಂದು ಸುರಂಗ. ಏರಿನಲ್ಲಿ ಇಂಜಿನ್ ದುಡಿಯಲೇಬೇಕು, ಸುರಂಗದಲ್ಲಿ ಆ ಸದ್ದಿಗೆ ಓಡಿಹೋಗಲು ಜಾಗ ಇಲ್ಲ. ನದಿ ನೋಡಬೇಕು ಅಂದರೆ ಆರ್ಲಿ ಹತ್ತಿರ ವಿಕ್ಟೋರಿಯಾ ಸೇತುವೆ. 1861ರದ್ದು, 200 ಅಡಿಯ ಒಂದೇ ಕಮಾನು, ಎರಕದ ಕಬ್ಬಿಣ. ಅದನ್ನು ವಿನ್ಯಾಸ ಮಾಡಿದ ಜಾನ್ ಫೌಲರ್ ಮುಂದೆ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯಲ್ಲೂ ಇದ್ದವನು.

ಕಾವೆಂಟ್ರಿಯಿಂದ ರೈಲಿನಲ್ಲೇ ಹೋಗಿ. ಬರ್ಮಿಂಗ್‌ಹ್ಯಾಂ ನ್ಯೂ ಸ್ಟ್ರೀಟ್‌ನಲ್ಲಿ ಇಳಿದು, ಸ್ವಲ್ಪ ನಡೆದು ಮೂರ್ ಸ್ಟ್ರೀಟ್, ಅಲ್ಲಿಂದ ಕಿಡ್ಡರ್‌ಮಿನ್‌ಸ್ಟರ್. ಹೆರಿಟೇಜ್ ಸ್ಟೇಷನ್ ಪಕ್ಕದಲ್ಲೇ ಇದೆ.

ಉಗಿಬಂಡಿ:

ಮಂಜ ಅವರ ಮಾತಿಗೆ ನನ್ನ ವಿರೋಧ ಇದೆ. ಏಳು ವರ್ಷದ ಹುಡುಗನಿಗೆ ಡೀಸೆಲ್ ತೋರಿಸಿ ಏನು ಪ್ರಯೋಜನ? ಸ್ಟೀಮ್ ಇಂಜಿನ್ನಿನಲ್ಲಿ ಬೆಂಕಿ ಕಾಣುತ್ತದೆ, ರಾಡು ತಿರುಗುವುದು ಕಾಣುತ್ತದೆ, ನೀರು ತುಂಬುವುದು ಕಾಣುತ್ತದೆ. ಡೀಸೆಲ್ ಅಂದರೆ ಹೊರಗೊಂದು ಪೆಟ್ಟಿಗೆ, ಒಳಗೆ ಏನು ನಡೆಯುತ್ತಿದೆ ಅಂತ ಯಾರಿಗೆ ಗೊತ್ತು. ಅಲ್ಲದೆ ಬ್ರಿಟನ್ನಿನಲ್ಲಿ ಸ್ಟೀಮ್ ಕೊಂದಿದ್ದೇ ಈ ಡೀಸೆಲ್‌ಗಳು. 1955ರಲ್ಲಿ ಆಧುನೀಕರಣ ಅಂತ ಯೋಜನೆ ಮಾಡಿದರು, 1968ರ ಆಗಸ್ಟ್‌ಗೆ ಮೇನ್‌ಲೈನ್ ಸ್ಟೀಮ್ ಮುಗಿಯಿತು. ಈಗ ಅದಕ್ಕೇ ಹಬ್ಬ. ಸುಮ್ನೆ ಎಣ್ಣೆ ಸುಡುವುದು.

ಕ್ಯಾಸಲ್‌ರಾಕ್:

ಉಗಿಬಂಡಿ ಸರ್, ಕಲ್ಲಿದ್ದಲು ಸುಟ್ಟರೆ ಪರವಾಗಿಲ್ಲ, ಎಣ್ಣೆ ಸುಟ್ಟರೆ ತಪ್ಪಾ? 😀 ಹುಡುಗನ ಮಾತು ಒಪ್ಪುತ್ತೇನೆ. ಆದರೆ ಇಲ್ಲಿ ಕೇಳಿರುವುದು ಅವನ ಅಜ್ಜನ ಬಗ್ಗೆ.

ಕಾವೆಂಟ್ರಿಯವರೇ, ನಾನು ಹುಬ್ಬಳ್ಳಿಯವನು, ಇಂಗ್ಲೆಂಡ್‌ಗೆ ಕೆಲಸದ ಮೇಲೆ ಬಂದಾಗ ಇಂಥ ಗಾಲಾಕ್ಕೆ ಹೋಗಿದ್ದೇನೆ. ನಿಮ್ಮ ತಂದೆಯವರಿಗೆ ಕ್ಲಾಸ್ 50 ಅನ್ನುವ ಬ್ರಿಟಿಷ್ ಡೀಸೆಲ್ ಇಂಜಿನ್ ಖಂಡಿತ ತೋರಿಸಿ. ಅವರು ಕೆ.ಆರ್.ಪುರಂನಲ್ಲಿ ಬಿಚ್ಚಿ ಜೋಡಿಸಿದ ಆಲ್ಕೊ ಇದೆಯಲ್ಲ, ಅಮೆರಿಕದ ಆಲ್ಕೊ ಕಂಪನಿ ವಿನ್ಯಾಸದ ನಮ್ಮ ರೈಲ್ವೆಯ ಡಬ್ಲ್ಯೂಡಿಎಂ-2, ಅದು 16 ಸಿಲಿಂಡರ್, ವಿ ಆಕಾರ, ಫೋರ್ ಸ್ಟ್ರೋಕ್, 2600 ಅಶ್ವಶಕ್ತಿ, ಆರು ಆಕ್ಸಲ್. ಕ್ಲಾಸ್ 50ರ ಇಂಗ್ಲಿಷ್ ಎಲೆಕ್ಟ್ರಿಕ್ ಇಂಜಿನ್ನೂ 16 ಸಿಲಿಂಡರ್, ವಿ ಆಕಾರ, ಫೋರ್ ಸ್ಟ್ರೋಕ್, 2700 ಅಶ್ವಶಕ್ತಿ, ಆರು ಆಕ್ಸಲ್. ತೂಕದಲ್ಲೂ ಹೆಚ್ಚು ಕಡಿಮೆ ಇಲ್ಲ. 1967-68ರಲ್ಲಿ ಲ್ಯಾಂಕಶೈರಿನ ವಲ್ಕನ್ ಫೌಂಡ್ರಿಯಲ್ಲಿ ಒಟ್ಟು 50 ಕಟ್ಟಿದರು. ಅದೇ ಕಾಲಕ್ಕೆ ನಮ್ಮ ವಾರಾಣಸಿಯ ಇಂಜಿನ್ ಕಾರ್ಖಾನೆಯಲ್ಲಿ ಡಬ್ಲ್ಯೂಡಿಎಂ-2 ಹೊರಬರುತ್ತಿತ್ತು, ಅಲ್ಲಿನ ಮೊದಲ ಇಂಜಿನ್ನಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ 1964ರ ಜನವರಿಯಲ್ಲಿ ಚಾಲನೆ ಕೊಟ್ಟಿದ್ದು. ಒಂದೇ ವಯಸ್ಸಿನವು, ಒಂದೇ ಕೆಲಸ ಮಾಡಿದವು. ಸದ್ದು ಮಾತ್ರ ಬೇರೆ. ಆ ವ್ಯತ್ಯಾಸ ನಮಗಿಂತ ನಿಮ್ಮ ತಂದೆಯವರಿಗೆ ಬೇಗ ತಿಳಿಯುತ್ತದೆ.

ಇನ್ನೊಂದು, ವೆಸ್ಟರ್ನ್ ಅಂತ ಕರೆಯುವ ಕ್ಲಾಸ್ 52. ಇದನ್ನು ಬಿಡಬೇಡಿ, ಯಾಕೆಂದರೆ ಇದರಲ್ಲಿ ಚಕ್ರಕ್ಕೆ ಕರೆಂಟ್ ಕೊಡುವ ಜನರೇಟರೂ ಇಲ್ಲ, ಆ ಕರೆಂಟಿನಿಂದ ಚಕ್ರ ತಿರುಗಿಸುವ ಟ್ರಾಕ್ಷನ್ ಮೋಟರೂ ಇಲ್ಲ. ಒಳಗಿನ ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಹೈಡ್ರಾಲಿಕ್ ಟ್ರಾನ್ಸ್‌ಮಿಷನ್. 1350 ಅಶ್ವಶಕ್ತಿಯ ಎರಡು ಮೇಬಾಕ್ ಇಂಜಿನ್, ಒಂದೊಂದಕ್ಕೂ ಒಂದು ಫಾಯ್ತ್ ಟ್ರಾನ್ಸ್‌ಮಿಷನ್, ಅಲ್ಲಿಂದ ಶಾಫ್ಟ್‌ನಲ್ಲಿ ನೇರ ಆಕ್ಸಲ್ಲಿಗೆ. ಬ್ರಿಟನ್ನಿನ ಉಳಿದ ಕಡೆ ಡೀಸೆಲ್ ಎಲೆಕ್ಟ್ರಿಕ್ ತೆಗೆದುಕೊಂಡರೆ ಬ್ರಿಟಿಷ್ ರೈಲ್ವೆಯ ಪಶ್ಚಿಮ ವಿಭಾಗದವರು ಮಾತ್ರ ಜರ್ಮನ್ ದಾರಿ ಹಿಡಿದರು, ಇಂಜಿನ್ ಹಗುರ ಆಗುತ್ತದೆ ಅಂತ. 74 ಮಾಡಿದರು. ಉಳಿದ ಇಂಜಿನ್‌ಗಳ ಜೊತೆ ಹೊಂದುವುದಿಲ್ಲ ಅನ್ನುವ ತಲೆನೋವು ಜಾಸ್ತಿಯಾಗಿ 1977ಕ್ಕೆ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಏಳು ಉಳಿದಿವೆ, ಅದರಲ್ಲಿ ವೆಸ್ಟರ್ನ್ ಕೊರಿಯರ್‌ನ ಮನೆ ಸೆವರ್ನ್ ವ್ಯಾಲಿಯೇ.

ಅಂದ ಹಾಗೆ ಅವರು ಕಾವೆಂಟ್ರಿಯಲ್ಲಿ ನಿಂತು ನೋಡುವ ಗೂಡ್ಸ್ ಇಂಜಿನ್ ಬಹುಶಃ ಕ್ಲಾಸ್ 66. ಅದರೊಳಗೆ ಇರುವುದು ಅಮೆರಿಕದ ಇಎಂಡಿ ಕಂಪನಿಯ 710 ಇಂಜಿನ್, 12 ಸಿಲಿಂಡರ್. ನಮ್ಮ ಹುಬ್ಬಳ್ಳಿ ಶೆಡ್ಡಿನ ಗೂಡ್ಸ್ ಇಂಜಿನ್ ಡಬ್ಲ್ಯೂಡಿಜಿ-4ರಲ್ಲಿ ಅದೇ 710, 16 ಸಿಲಿಂಡರ್. ಸದ್ದು ಕೇಳಿಯೇ ನಿಂತಿರುತ್ತಾರೆ.

ಎರಡು ಮಕ್ಕಳ ಅಮ್ಮ:

ಇಂಜಿನ್ ವಿಷಯ ನನಗೆ ಬೇಡ, ಉಳಿದಿದ್ದು ಹೇಳುತ್ತೇನೆ. ನಮ್ಮನೆಯವರು ಪ್ರತಿ ಸಲ ಎಳೆದುಕೊಂಡು ಹೋಗುತ್ತಾರೆ.

ನಿಮ್ಮ ಅಮ್ಮನಿಗೆ: ಹಳೇ ಬೋಗಿ, ಮೆಟ್ಟಿಲು ಎತ್ತರ, ಪ್ಲಾಟ್‌ಫಾರಂಗೂ ಬೋಗಿಗೂ ಸಂದು ಇರುತ್ತದೆ. ಪದೇ ಪದೇ ಹತ್ತಿ ಇಳಿಯುವುದು ಅವರಿಗೆ ಬೇಡ. ಅವರನ್ನು ಒಂದು ಗಾಡಿಯಲ್ಲಿ ಕೂರಿಸಿ ನದಿ ತೋರಿಸಿ, ಆಮೇಲೆ ಬ್ಯೂಡ್ಲಿಯಲ್ಲೋ ಕಿಡ್ಡರ್‌ಮಿನ್‌ಸ್ಟರ್‌ನಲ್ಲೋ ಟೀ ಅಂಗಡಿ ಹತ್ತಿರ ಬೆಂಚ್ ಹಿಡಿಸಿ. ಇಂಜಿನ್ ಹುಚ್ಚರ ಜೊತೆ ಓಡಾಡಿದರೆ ಸಂಜೆಗೆ ಮಂಡಿ ಹಿಡಿದುಕೊಳ್ಳುತ್ತದೆ.

ಮಗನಿಗೆ ಕಿವಿ ಮುಚ್ಚುವ ಇಯರ್ ಡಿಫೆಂಡರ್ ತೆಗೆದುಕೊಂಡು ಹೋಗಿ. ಜೋಕ್ ಅಲ್ಲ. ಚಿಕ್ಕವರು ಹೆದರಿ ಅಳುತ್ತಾರೆ. ಕಿಡ್ಡರ್‌ಮಿನ್‌ಸ್ಟರ್ ಬಿಟ್ಟು ಬ್ಯೂಡ್ಲಿ ಬರುವ ಮುಂಚೆ ಹಳಿ ಪಕ್ಕದಲ್ಲೇ ಸಫಾರಿ ಪಾರ್ಕ್ ಇದೆ, ಅದೃಷ್ಟ ಇದ್ದರೆ ರೈಲಿನಿಂದಲೇ ಆನೆ, ಘೇಂಡಾಮೃಗ ಕಾಣುತ್ತವೆ. ನನ್ನ ಮಕ್ಕಳಿಗೆ ನೆನಪಿರುವುದು ಅದೊಂದೇ. ಸ್ಟೀಮ್ ಬೇಕು ಅಂತ ಹಟ ಮಾಡಿದರೆ ಹೈಲಿಯಲ್ಲಿ ಇಳಿಯಿರಿ, ಇಂಜಿನ್ ಹೌಸ್ ಅಂತ ಮ್ಯೂಸಿಯಂ ಇದೆ, ದೊಡ್ಡ ದೊಡ್ಡ ಸ್ಟೀಮ್ ಇಂಜಿನ್‌ಗಳನ್ನು ಹತ್ತಿರದಿಂದ ನೋಡಬಹುದು. ಉಗಿಬಂಡಿಯವರಿಗೂ ಸಮಾಧಾನ.

ಊಟ: ಸಸ್ಯಾಹಾರಿಗಳಿಗೆ ಚಿಪ್ಸ್, ಕೇಕು, ಚೀಸ್ ಸ್ಯಾಂಡ್‌ವಿಚ್. ಬುತ್ತಿ ಕಟ್ಟಿಕೊಂಡು ಹೋಗಿ. ಚಪಾತಿ ಪಲ್ಯ, ಚಿತ್ರಾನ್ನ ಎರಡೂ ರೈಲಿಗೆ ಒಗ್ಗುತ್ತವೆ. ಮೇ ತಿಂಗಳು ಅಂತ ನಂಬಬೇಡಿ, ಜಾಕೆಟ್ ಇರಲಿ.

ಕಾವೆಂಟ್ರಿ ಕನ್ನಡಿಗ:

ಹೋಗಿ ಬಂದೆವು! ಎಲ್ಲರಿಗೂ ಥ್ಯಾಂಕ್ಸ್. ವರದಿ ಕೊಡದಿದ್ದರೆ ನೀವು ಬಿಡುವುದಿಲ್ಲ ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಬೆಳಿಗ್ಗೆ ಕಿಡ್ಡರ್‌ಮಿನ್‌ಸ್ಟರ್‌ನಲ್ಲಿ ಇಳಿದಾಗ ಅಪ್ಪ ಸುಮ್ಮನೆ ಇದ್ದರು. ಪ್ಲಾಟ್‌ಫಾರಂನಲ್ಲಿ ಕ್ಲಾಸ್ 50 ನಿಂತಿತ್ತು. ಅವರು ಇಂಜಿನ್ನಿನ ಮುಖ ನೋಡಲೇ ಇಲ್ಲ. ಪಕ್ಕಕ್ಕೆ ಹೋಗಿ ಬಗ್ಗಿ ಬೋಗಿಗಳ ಮಧ್ಯೆ ನೋಡಿದರು. ಆಮೇಲೆ ನನ್ನ ಕೈ ಹಿಡಿದು ಎಳೆದು, "ಲೋ, ವ್ಯಾಕ್ಯೂಮ್ ಬ್ರೇಕ್ ಕಣೋ! ಹೋಸ್ ಪೈಪ್ ನೋಡು!" ಅಂದರು. ಊರಲ್ಲಿ ಎಲ್ಲ ಏರ್ ಬ್ರೇಕ್ ಆಗಿ ಎಷ್ಟೋ ವರ್ಷ ಆಯಿತಂತೆ. ಇಂಜಿನ್ನಿನೊಳಗಿಂದ ಬರುತ್ತಿದ್ದ ಸದ್ದು ಕೇಳಿ ಅದು ವ್ಯಾಕ್ಯೂಮ್ ಬ್ರೇಕ್ ಪೈಪಿನಿಂದ ಗಾಳಿ ಎಳೆದು ಹಾಕುವ ಎಕ್ಸಾಸ್ಟರ್ ಅಂತ ಹೇಳಿದರು. ಆಲ್ಕೊದಲ್ಲಿ ಕಂಪ್ರೆಸರ್ರೂ ಎಕ್ಸಾಸ್ಟರ್ರೂ ಸೇರಿ ಒಂದೇ ಯಂತ್ರವಂತೆ, ಎಕ್ಸ್‌ಪ್ರೆಸರ್ ಅನ್ನುತ್ತಿದ್ದರಂತೆ, ಇಂಜಿನ್ನಿನ ಶಾಫ್ಟಿನಿಂದಲೇ ಓಡುತ್ತಿತ್ತಂತೆ. ಇಲ್ಲಿ ಅದಕ್ಕೆ ಬೇರೆ ಮೋಟರ್ ಇದೆ. ಅವರು ಇಷ್ಟು ಮಾತಾಡಿದ್ದು ನಾನು ಈ ದೇಶಕ್ಕೆ ಕರೆತಂದ ಮೇಲೆ ನೋಡಿರಲಿಲ್ಲ.

ಮಂಜ ಅವರು ಹೇಳಿದ ಹಾಗೆ ಮೊದಲ ಬೋಗಿ. ಬ್ಯೂಡ್ಲಿಯಲ್ಲಿ ಇಳಿದು, ಅಮ್ಮನನ್ನು ಟೀ ಜೊತೆ ಕೂರಿಸಿ, ವಾಪಸ್ ಬರುವ ಗಾಡಿಗೆ ವೆಸ್ಟರ್ನ್ ಸಿಕ್ಕಿತು. ಏರು ಶುರುವಾದಾಗ ಅದರೊಳಗಿನ ಎರಡು ಇಂಜಿನ್ ಒಟ್ಟಿಗೆ ಜೋರಾದವು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು, ಸುರಂಗದಲ್ಲಿ ಕಣ್ಣು ಬಿಟ್ಟು "ಎರಡೂ ಒಂದೇ ಸ್ಪೀಡಲ್ಲಿ ಇಲ್ಲ, ಸ್ವಲ್ಪ ಹೆಚ್ಚು ಕಮ್ಮಿ ಇದೆ" ಅಂದರು. ಪಕ್ಕದಲ್ಲಿ ನಿಂತಿದ್ದ ಇಂಗ್ಲಿಷಿನವರಿಗೆ ಇದನ್ನು ಅನುವಾದ ಮಾಡಿ ಹೇಳಿದೆ. ಅವರು ತಲೆ ಆಡಿಸಿ ಅಪ್ಪನ ಕೈ ಕುಲುಕಿದರು. ಆಮೇಲೆ ಇಬ್ಬರೂ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಅದೇನೇನೋ ಮಾತಾಡಿದರು. ಗವರ್ನರ್, ಇಂಜೆಕ್ಟರ್, ಬೇರಿಂಗ್, ಇವಕ್ಕೆ ಭಾಷೆ ಬೇಕಾಗಿಲ್ಲ.

ಡ್ರೈವರ್ ಬಿಡುವಾಗಿದ್ದಾಗ ಕ್ಲಾಸ್ 50ರ ಕ್ಯಾಬ್ ನೋಡಲು ಬಿಟ್ಟರು. ಅಪ್ಪ ಕೇಳಿದ ಮೊದಲ ಪ್ರಶ್ನೆ "ನಾಚ್ ಎಷ್ಟು?" ನಾಚ್ ಅಂದರೆ ಪವರ್ ಹಿಡಿಯ ಮೆಟ್ಟಿಲುಗಳು, ನಮ್ಮಲ್ಲಿ ಎಂಟು ಅಲ್ವಾ. ಇದರಲ್ಲಿ ನಾಚ್‌ಗಳೇ ಇಲ್ಲವಂತೆ, ಹಿಡಿ ಆಫ್‌ನಿಂದ ಫುಲ್‌ವರೆಗೆ ಜಾರುತ್ತಾ ಹೋಗುತ್ತದೆ. ಅಪ್ಪನಿಗೆ ಇದು ಇಷ್ಟ ಆಗಲಿಲ್ಲ. "ಡ್ರೈವರ್ ಎಲ್ಲಿಟ್ಟಿದ್ದಾನೆ ಅಂತ ಶೆಡ್ಡಿನವನಿಗೆ ಹೇಗೆ ಗೊತ್ತಾಗಬೇಕು?" ಅಂತ ಮನೆಗೆ ಬರುವವರೆಗೂ ಕೇಳುತ್ತಿದ್ದರು.

ಮಗ? ಆನೆ ಕಾಣಲಿಲ್ಲ, ಅದಕ್ಕೆ ಒಂದು ಅಳು. ಮಧ್ಯಾಹ್ನ ಹೈಲಿ ಮ್ಯೂಸಿಯಂನಲ್ಲಿ ಸರಿಹೋದ. ನನಗೆ ಕೊನೇ ಹೊತ್ತಿಗೆ ನಿಜವಾಗಿ ಸಾಕಾಗಿತ್ತು, ಸುಳ್ಳು ಹೇಳುವುದಿಲ್ಲ. ಡೀಸೆಲ್ ವಾಸನೆಗೆ ತಲೆ ಹಿಡಿದಿತ್ತು. ಅಮ್ಮ ಮಾತ್ರ "ಇವರು ಮನೇಲಿ ಇಷ್ಟು ನಗಲ್ಲ" ಅಂದಳು.

ಒಂದು ಪ್ರಶ್ನೆ. ಬಹಳ ಹೊತ್ತು ಸುಮ್ಮನೆ ನಿಂತಿದ್ದ ಇಂಜಿನ್ ಹೊರಡುವಾಗ ಬಿಳಿ-ನೀಲಿ ಹೊಗೆ ಮೋಡದ ಹಾಗೆ ಬಂತು, ಜನ ಚಪ್ಪಾಳೆ ಹೊಡೆದರು! ನಮ್ಮ ಆಲ್ಕೊದ್ದು ಕಪ್ಪು ಹೊಗೆ ಅಲ್ವಾ? ಅಪ್ಪ ಏನೋ ಹೇಳಿದರು, ನನಗೆ ಅರ್ಥ ಆಗಲಿಲ್ಲ.

ಕ್ಯಾಸಲ್‌ರಾಕ್:

ಓದಿ ಖುಷಿಯಾಯಿತು. ನಾಚ್ ವಿಷಯದಲ್ಲಿ ನಾನು ನಿಮ್ಮ ತಂದೆಯವರ ಪಕ್ಷ.

ಹೊಗೆ ಎರಡೂ ಬೇರೆ. ಆಲ್ಕೊದಲ್ಲಿ ನಾಚ್ ಏರಿಸಿದ ಕೂಡಲೇ ಎಣ್ಣೆ ಜಾಸ್ತಿ ಹೋಗುತ್ತದೆ, ಆದರೆ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ವೇಗ ಹಿಡಿಯಲು ಸಮಯ ಬೇಕು, ಅಷ್ಟರವರೆಗೆ ಗಾಳಿ ಸಾಲದು. ಎಣ್ಣೆ ಪೂರ್ತಿ ಸುಡದೆ ಕಪ್ಪಾಗಿ ಬರುತ್ತದೆ. ಟರ್ಬೊ ಎದ್ದ ಮೇಲೆ ಹೊಗೆ ತಿಳಿಯಾಗುತ್ತದೆ. ನೀವು ನೋಡಿದ್ದು ಬೇರೆ: ಇಂಜಿನ್ ಐಡ್ಲಿಂಗ್‌ನಲ್ಲಿ ತಣ್ಣಗೆ ನಿಂತಿದ್ದಾಗ ಸುಡದ ಡೀಸೆಲ್ಲು, ಲೂಬ್ ಆಯಿಲ್ಲು ಎಕ್ಸಾಸ್ಟಿನಲ್ಲಿ ಸೇರಿಕೊಳ್ಳುತ್ತವೆ. ಪವರ್ ಕೊಟ್ಟಾಗ ಬಿಸಿಗೆ ಒಟ್ಟಿಗೆ ಹೊರಗೆ ಬರುತ್ತವೆ. ಶೆಡ್ಡಿನವರಿಗೆ ಅದು ಕಂಪ್ಲೇಂಟ್ ಬರೆಯುವ ವಿಷಯ, ಗಾಲಾದವರಿಗೆ ಚಪ್ಪಾಳೆ.

ಯಲಹಂಕ ಲೂಪ್‌ಲೈನ್:

ಇದನ್ನೆಲ್ಲ ಓದಿ ಹೊಟ್ಟೆ ಉರಿಯುತ್ತಿದೆ. ನಮ್ಮಲ್ಲಿ ಯಾಕೆ ಹೀಗೆ ಮಾಡುವುದಿಲ್ಲ? ಬ್ರಾಡ್‌ಗೇಜ್ ಎಲ್ಲ ಕರೆಂಟ್ ಆಗುತ್ತಾ ಬಂತು, ಆಲ್ಕೊಗಳು ಗುಜರಿಗೆ ಹೋಗುತ್ತಿವೆ. ಮೈಸೂರು ರೈಲ್ ಮ್ಯೂಸಿಯಂ 1979ರಿಂದ ಇದೆ, ಚೆನ್ನಾಗಿಯೇ ಇದೆ, ಆದರೆ ನಿಂತ ಇಂಜಿನ್ನಿಗೂ ಓಡುವ ಇಂಜಿನ್ನಿಗೂ ವ್ಯತ್ಯಾಸ ಇದೆ ಅಲ್ವಾ.

ಮಿಡ್‌ಲ್ಯಾಂಡ್ಸ್ ಮಂಜ:

ಯಲಹಂಕದವರೇ, ಇಲ್ಲಿ ಸರ್ಕಾರ ಮಾಡಿದ್ದಲ್ಲ ಇದು. 1963ರಲ್ಲಿ ಈ ಲೈನಿನಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲಿಸಿದರು. 1965ರಲ್ಲಿ ಊರಿನ ಆಸಕ್ತರು ಸೇರಿ ಸಂಘ ಕಟ್ಟಿದರು, 1970ರಲ್ಲಿ ಬ್ರಿಜ್‌ನಾರ್ತ್‌ನಿಂದ ಹ್ಯಾಂಪ್ಟನ್ ಲೋಡ್‌ವರೆಗೆ ಓಡಿಸಿದರು, ಕಿಡ್ಡರ್‌ಮಿನ್‌ಸ್ಟರ್ ಮುಟ್ಟಲು 1984 ಬೇಕಾಯಿತು. ಮುಚ್ಚಿದ ಲೈನು ಕೈಗೆ ಸಿಕ್ಕಿದ್ದರಿಂದ ಇದು ಆಯಿತು. ನಮ್ಮಲ್ಲಿ ಮೀಟರ್‌ಗೇಜ್ ತೆಗೆದ ಕಡೆ ಹೆಚ್ಚಾಗಿ ಬ್ರಾಡ್‌ಗೇಜ್ ಬಂತು, ಜನಕ್ಕೆ ಅದು ಬೇಕಿತ್ತು, ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ.

ಕಾವೆಂಟ್ರಿಯವರೇ, ನಿಮ್ಮ ತಂದೆ ವಾಪಸ್ ಹೋಗುವ ಮುಂಚೆ ಚೆಸ್ಟರ್‌ಫೀಲ್ಡ್ ಹತ್ತಿರ ಬ್ಯಾರೋ ಹಿಲ್‌ಗೆ ಕರೆದುಕೊಂಡು ಹೋಗಿ. 1870ರ ರೌಂಡ್‌ಹೌಸ್ ಶೆಡ್, ಮಧ್ಯದಲ್ಲಿ ಇಂಜಿನ್ ತಿರುಗಿಸುವ ಟರ್ನ್‌ಟೇಬಲ್ ಇನ್ನೂ ತಿರುಗುತ್ತದೆ. ಡೆಲ್ಟಿಕ್ ಅನ್ನುವ ಹಳೇ ಡೀಸೆಲ್ ಇಂಜಿನ್‌ಗಳಲ್ಲಿ ಕೆಲವು ಅಲ್ಲೇ ಇರುವುದು. ಒಂದು ಲೋಕೋಗೆ ಎರಡು ನೇಪಿಯರ್ ಇಂಜಿನ್, ಒಂದೊಂದರಲ್ಲೂ 18 ಸಿಲಿಂಡರ್, 36 ಪಿಸ್ಟನ್, ಮೂರು ಕ್ರ್ಯಾಂಕ್‌ಶಾಫ್ಟ್, ಸಿಲಿಂಡರಿಗೆ ಮುಚ್ಚಳವಾಗುವ ಹೆಡ್ಡೇ ಇಲ್ಲ. ಫಿಟ್ಟರ್ ಆದವರಿಗೆ ಇದನ್ನು ಮೊದಲೇ ಹೇಳಬೇಡಿ, ಅಲ್ಲೇ ನೋಡಲಿ. ಎಲ್ಲ ದಿನ ತೆರೆದಿರುವುದಿಲ್ಲ, ದಿನ ವಿಚಾರಿಸಿಕೊಂಡು ಹೊರಡಿ.